ಎದುರಿನ ಅಂಚು

ನಾನು ಶಾಲೆ ಬಿಟ್ಟಿದ್ದು 1991ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ. ಸಂಡೂರಿನ ಲಾರಿ ಗ್ಯಾರೇಜಿನಲ್ಲಿ ಕಬ್ಬಿಣ ಉಜ್ಜುವ ಫೈಲು ಹಿಡಿಯಲು ಕಲಿತೆ; ಈಗ ಹೊಸಪೇಟೆಯಲ್ಲಿ ಸ್ವಂತ ಲೇತ್ ಇದೆ. ಲೋಹದ ಮೇಲೆ ಯಾವ ಹತ್ಯಾರ ಬಿದ್ದಿದೆ ಎಂದು ನೋಡಿದೊಡನೆ ಹೇಳಬಲ್ಲೆ. ಹಳೆಯ ನಾಣ್ಯಗಳ ಹುಚ್ಚು ಹಿಡಿದದ್ದೂ ಅದರಿಂದಲೇ. ಟಂಕಸಾಲೆಯಲ್ಲೇ ತಪ್ಪಾಗಿ ಹುಟ್ಟಿದ ನಾಣ್ಯಕ್ಕೆ ಬೆಲೆಯುಂಟು, ಹೊರಗೆ ಬಂದು ಪೆಟ್ಟು ತಿಂದದ್ದಕ್ಕೆ ಇಲ್ಲ. ಯಾವುದು ಯಾವುದೆಂದು ತಿಳಿಯಲು ಓಣಿಯವರೆಲ್ಲ ನನ್ನ ಹತ್ತಿರ ಬರುತ್ತಿದ್ದರು.

ಕಂಪ್ಲಿಯಲ್ಲಿ ಮಗಳ ನಿಶ್ಚಿತಾರ್ಥದ ದಿನ, ಎಲ್ಲರೂ ಊಟಕ್ಕೆ ಕುಳಿತಾಗ, ಹುಡುಗನ ತಂದೆ ಒಂದು ಹಳೆಯ ರೂಪಾಯಿ ತಂದು ನನ್ನ ಅಂಗೈಗೆ ಇಟ್ಟರು. ಯಾರೋ ಕಚ್ಚಿ ತೆಗೆದ ಹಾಗೆ ಅಂಚಿನಲ್ಲಿ ಒಂದು ತುಣುಕು ಇರಲಿಲ್ಲ.

“ನಮ್ಮಪ್ಪ ದೇವರ ಜಗಲಿ ಮ್ಯಾಲೆ ಇಟ್ಟಿದ್ದ ನಾಣ್ಯರಿ, ಬೀಗ್ರ. ಹುಟ್ಟಿದ್ದ ಹಿಂಗೋ, ಯಾರರ ಕಡದಾರೋ?”

ಇಡೀ ಪಂಕ್ತಿ ನನ್ನನ್ನೇ ನೋಡುತ್ತಿತ್ತು. ಕನ್ನಡಕ ಹೊಸಪೇಟೆಯಲ್ಲಿ ಉಳಿದಿತ್ತು. ಹೆಬ್ಬೆರಳಿನಿಂದ ಅಂಚು ಸವರಿದೆ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

“ಟಂಕಸಾಲಿ ತಪ್ಪರೀ. ಅಪ್ಪಟ,” ಅಂದುಬಿಟ್ಟೆ.

ಮಗಳ ಮದುವೆಯಾದ ಮರುವರ್ಷ ಹಂಪಿಯ ಅಂಗಡಿಯೊಂದರಲ್ಲಿ, ಪ್ರವಾಸಿಗರಿಗೆ ಮಾರುವ ನಾಣ್ಯದ ಡಬ್ಬಿ ಕೆದಕುವಾಗ ಅಂಥದ್ದೇ ರೂಪಾಯಿ ಸಿಕ್ಕಿತು. ಮನೆಗೆ ತಂದು ಭೂತಗನ್ನಡಿ ಹಿಡಿದೆ. ತುಣುಕು ಹೋದ ಜಾಗದ ನೇರ ಎದುರಿಗೆ ಅಂಚು ಮಂಕಾಗಿತ್ತು. ಇದು ಟಂಕಸಾಲೆಯದೇ ತಪ್ಪು: ತುಣುಕು ಕಡಿಮೆಯಿರುವ ಬಿಲ್ಲೆಗೆ ಅಲ್ಲಿ ಅಂಚು ಕಟ್ಟುವಾಗ, ಆ ಕೊರೆಯ ಎದುರಿಗೆ ಒತ್ತಡ ಸಾಲುವುದಿಲ್ಲ. ಆಮೇಲೆ ಉಜ್ಜಿ ಕಡಿದದ್ದಾದರೆ ಎದುರಿನ ಅಂಚು ಗಟ್ಟಿಯಾಗಿಯೇ ನಿಂತಿರುತ್ತದೆ. ಗಾಯ ನೋಡಬಾರದು, ಅದರ ಎದುರು ನೋಡಬೇಕು.

ಬೀಗರ ರೂಪಾಯಿಯ ಎದುರಿನ ಅಂಚು ದಪ್ಪಗಿತ್ತು. ಹೆಬ್ಬೆರಳಿಗೆ ಅದು ನೆನಪಿತ್ತು.

ಅವತ್ತಿನಿಂದ ಕಂಪ್ಲಿ ಅಂದರೆ ಕಬ್ಬಿಣ ಬಿಗಿಹಿಡಿಯುವ ವೈಸಿನಲ್ಲಿ ಕೈ ಸಿಕ್ಕ ಹಾಗೆ. ಬೀಗರು ಬಂದವರಿಗೆಲ್ಲ ನಾಣ್ಯ ತೋರಿಸಿ, ನಮ್ಮ ಬೀಗರೇ ನೋಡಿ ಹೇಳ್ಯಾರ ಎನ್ನುತ್ತಿದ್ದರು. ನಿಜ ಹೇಳಿದರೆ ಮಗಳು ಬಾಳುವ ಮನೆಯಲ್ಲಿ ಅವಳ ಅಪ್ಪನ ಮಾತಿಗೆ ಬೆಲೆ ಇಲ್ಲವಾಗುತ್ತದೆ; ಹೇಳದಿದ್ದರೆ ಪ್ರತಿ ಸಲವೂ ಅದೇ ಸುಳ್ಳು. ಟಿಪ್ಪರಿನ ಶಾಫ್ಟು ಬಂದಿದೆ, ಕೆಲಸ ಬಿಡುವಂತಿಲ್ಲ ಎಂದು ಹಬ್ಬಗಳನ್ನು ತಪ್ಪಿಸಿದೆ.

“ಶಾಫ್ಟೇನು ನೀ ಹಡದ ಮಗಳೇನಪಾ?” ಎಂದಳು ಮಗಳು ಫೋನಿನಲ್ಲಿ.

ಆಮೇಲೆ ಬೀಗರೇ ಫೋನು ಮಾಡಿದರು. ಹೊಸಪೇಟೆಯಲ್ಲಿ ಭಾನುವಾರ ನಾಣ್ಯ ಪ್ರದರ್ಶನವಿದೆ, ನಮ್ಮದನ್ನೂ ಇಡುತ್ತೇವೆ ಎಂದರು. “ಪರೀಕ್ಷೆ ಮಾಡಿದವರು ಅಂತ ನಿಮ್ಮ ಹೆಸರಿನ ಚೀಟಿ ಬರಸೀನ್ರಿ.”

ಗುರುವಾರ ಬೆಳಿಗ್ಗೆ ಲೇತ್ ನಿಲ್ಲಿಸಿ ಕಂಪ್ಲಿ ಬಸ್ಸು ಹತ್ತಿದೆ. ಅವರ ರೂಪಾಯಿ ತರಿಸಿ, ನನ್ನ ಹಂಪಿಯದರ ಜೊತೆ ಮಂಚದ ಮೇಲೆ ಪಕ್ಕಪಕ್ಕ ಇಟ್ಟೆ.

“ಬೀಗ್ರ, ನಿಮ್ಮದು ಫೈಲು ಹಾಕಿ ಕಡದದ್ರಿ. ಅವತ್ತು ನಾ ಸರಿಯಾಗಿ ನೋಡದ ಹೇಳಿದ್ದೆ.”

ನಾನು ಕೊಟ್ಟ ಭೂತಗನ್ನಡಿಯಲ್ಲಿ ಅವರು ಎರಡರ ಅಂಚನ್ನೂ ತಿರುಗಿಸಿ ನೋಡಿದರು.

“ನಮ್ಮ ಹುಡುಗನ್ನೂ ಹಿಂಗ ನೋಡಿ ಒಪ್ಪಿದ್ರೇನ್ರಿ?”

ಒಳಗೆ ಚಹಾ ಸೋಸುವ ಸಪ್ಪಳ ನಿಂತಿತು. ಅವರು ನನ್ನ ರೂಪಾಯಿಯನ್ನು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು, ತಮ್ಮದನ್ನು ನನ್ನ ಕೈಗಿಟ್ಟು ಬೆರಳು ಮಡಚಿದರು.

“ಚೀಟಿ ಬರದಾಗೈತಿ. ನಿಮ್ಮ ಮಾತು ಸುಳ್ಳಾಗೂದು ಬ್ಯಾಡ. ಕುಂದ್ರಿ, ಚಾ ಕುಡೀರಿ.”

ಬ್ಯಾಡ್ರಿ ಅನ್ನಬೇಕಿತ್ತು. ಬಾಗಿಲಲ್ಲಿ ಮಗಳು ತಟ್ಟೆ ಹಿಡಿದು ನಿಂತಿದ್ದಳು. ಕುಡಿದೆ.

ಭಾನುವಾರ ಪ್ರದರ್ಶನದಲ್ಲಿ ಅವರ ಪಕ್ಕ ನಿಂತೆ. ಹಂಪಿಯ ರೂಪಾಯಿ ತೋರಿಸಿ, ಇದು ನಮ್ಮಪ್ಪಂದು ಎಂದು ಅವರು ಹೇಳುತ್ತಿದ್ದರು. ಅಪ್ಪಟವೇನ್ರಿ ಎಂದು ಕೇಳಿದವರಿಗೆ ಹೌದ್ರಿ ಎನ್ನುತ್ತ ಸಂಜೆಯವರೆಗೆ ನಿಂತೇ ಇದ್ದೆ.

ಈಗ ನನ್ನ ಹತ್ತಿರ ಒಂದು ಲೇತ್, ಎರಡು ಭೂತಗನ್ನಡಿ, ಬೀಗರದ್ದೂ ಸೇರಿ ಪೆಟ್ಟು ತಿಂದ ನಾಣ್ಯ ನಲವತ್ತೊಂದು ಇವೆ. ಟಂಕಸಾಲೆಯ ತಪ್ಪು ಒಂದೂ ಇಲ್ಲ.