ಇಂಗಳೇಶ್ವರಕ್ಕೆ ಒಯ್ದ ಗುಡುಗು

ಇಂಡಿಯಲ್ಲಿ ಬೆಳಿಗ್ಗೆ ಆರಕ್ಕೇ ಸಿಂದಗಿ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಕೂಟದಲ್ಲಿ ಓದಲು ನಾನೇ ಬರೆದ ಹದಿನಾಲ್ಕು ಪುಟದ ಪ್ರಸಂಗ, ಅಂದರೆ ದೇವರ ವಾಕ್ಯದ ಉಪದೇಶ. ಇಂಗಳೇಶ್ವರದಲ್ಲಿ ನನ್ನ ತಮ್ಮ ದೇವಪ್ಪನ ಮನೆಯಲ್ಲಿ ಸಂಜೆ ಪ್ರಾರ್ಥನಾ ಕೂಟವಿತ್ತು. ಚರ್ಚಿನ ಸಭೆಯ ಹಿರಿಯರು ನನ್ನನ್ನು ಮಾತಿಗೆ ಕರೆದಿದ್ದರು.

ದೇವಪ್ಪ ಟ್ರ್ಯಾಕ್ಟರ್ ಹೊಡೆಸಿದಾಗಲೆಲ್ಲ ಅಲ್ಲಿ ನಮ್ಮಿಬ್ಬರ ಹೊಲದ ನಡುವಿನ ಬದುವನ್ನು ನನ್ನ ಕಡೆಗೆ ಒತ್ತುತ್ತ ಬಂದು, ಕೊನೆಗೆ ಗಡಿಕಲ್ಲನ್ನೂ ನಾಲ್ಕು ಹೆಜ್ಜೆ ಈಚೆಗೆ ಹೂತಿದ್ದ. ಎರಡು ವರ್ಷದಿಂದ ನಮಗೆ ಮಾತಿಲ್ಲ. ಗಡಿ ಸರಿಸುವವರ ಮೇಲೆ ದೇವರ ಕೋಪ ಸುರಿಯುತ್ತದೆಂದು ಹಳೆಯ ಒಡಂಬಡಿಕೆಯ ಪ್ರವಾದಿಗಳು ಎಚ್ಚರಿಸಿದ್ದಾರೆ. ಅದನ್ನೇ ಅವನ ಮನೆಯಲ್ಲಿ, ಅವನ ಮುಖಕ್ಕೇ ಓದಬೇಕೆಂದು ಹೊರಟಿದ್ದೆ. ನಿಜ ಹೇಳುತ್ತೇನೆ, ಬಲು ಖುಷಿಯಿಂದಲೇ ಹೊರಟಿದ್ದೆ.

ಪಕ್ಕದಲ್ಲಿ ನಿಂಬೆಹಣ್ಣಿನ ವ್ಯಾಪಾರಿ ಮಹಿಬೂಬಸಾಬರು ಕೂತರು. ಹಳೆಯ ಪರಿಚಯ, ಎಲ್ಲವನ್ನೂ ಹೇಳಿದೆ.

"ಮೀನಿನ ಹೊಟ್ಟಿ ಸೇರಿದ ನಬಿ ಕತಿ ನಮ್ಮೊಳಗೂ ಐತ್ರಿ ಮಾಸ್ತರ. ಊರಿಗೆ ಕೇಡು ಬರ್ತೈತಿ ಅಂತ ಸಾರಿದ್ರು. ಮಂದಿ ತಪ್ಪಾತು ಅಂತ ಅತ್ತು ತೋಬಾ ಮಾಡಿ ಉಳಕೊಂಡ್ರು" ಎಂದರು.

"ನಮ್ಮದರಾಗ ಆ ಪ್ರವಾದಿ ಆಮ್ಯಾಲ ಸಿಟ್ಟಾಗಿ ಬಳ್ಳಿ ಕೆಳಗ ಹೋಗಿ ಕುಂತನ್ರಿ" ಎಂದೆ.

"ಊರು ಉಳೀತಲ್ರಿ, ಮತ್ಯಾಕ ಸಿಟ್ಟು?"

ಸಿಂದಗಿಯಲ್ಲಿ ಇಳಿಯುವಾಗ ಅವರು ನಾಲ್ಕು ನಿಂಬೆಹಣ್ಣು ನನ್ನ ಕೈಗಿಟ್ಟರು.

ನಿಲ್ದಾಣದ ಎದುರು ಚುರುಮುರಿ ಸೂಸ್ಲಾ, ಮಿರ್ಚಿ ಭಜಿ ತಿಂದು, ತಾಳಿಕೋಟೆ ದಾಟಿ ಮುದ್ದೇಬಿಹಾಳಕ್ಕೆ ಹೋದೆ. ಅಕ್ಕ ಸಾರಮ್ಮ ಅಲ್ಲಿದ್ದಾಳೆ. ನಮ್ಮಿಬ್ಬರ ಜಗಳದ ಪಂಚಾಯಿತಿಗೆ ಹಿರಿಯರೊಬ್ಬರು ಇರಲೆಂದು ಅವಳನ್ನೂ ಹೊರಡಿಸಿದೆ. ಅವಳಿಗೆ ಬಸ್ಸು ಪುಕ್ಕಟೆ, ನನಗೆ ಪೂರ್ತಿ ಟಿಕೆಟ್ಟು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವವರೆಗೂ ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಟಿಕೆಟ್ಟಿನ ವಿಷಯಕ್ಕೇ ಇರಬೇಕೆಂದುಕೊಂಡೆ.

ಇಂಗಳೇಶ್ವರದಲ್ಲಿ ಇಳಿದಾಗ ಬಿಸಿಲು ಸುಡುತ್ತಿತ್ತು. ದೇವಪ್ಪ ಬಂದು ನನ್ನ ಚೀಲ ಹಿಡಿದ.

"ಕಲ್ಲು ತಿರುಗಿ ಇಟ್ಟೇನಿ ಅಣ್ಣಾ. ತಪ್ಪಾತು."

ಅಕ್ಕ ಆಗ ಬಾಯಿ ಬಿಟ್ಟಳು. ವಾರದ ಹಿಂದೆ ನಾನು ಫೋನಿನಲ್ಲಿ ಅವಳಿಗೆ ಪ್ರಸಂಗವನ್ನು ಓದಿ ಕೇಳಿಸಿದ್ದೆ. ಆಕೆ ಅದನ್ನು ರೆಕಾರ್ಡ್ ಮಾಡಿ ದೇವಪ್ಪನಿಗೆ ಕಳಿಸಿದ್ದಳು.

"ಮೂರು ಸಲ ಕೇಳೇನಿ, ನಿದ್ದಿನ ಹತ್ತಲಿಲ್ಲ" ಎಂದ ಅವನು.

ಸಂತೋಷಪಡಬೇಕಿತ್ತು. ನನಗೋ ಹದಿನಾಲ್ಕು ಪುಟ ದಂಡವಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಮುಖ ಊದಿಸಿಕೊಂಡು ಹಿತ್ತಲಿಗೆ ಹೋಗಿ ಹೀರೇಕಾಯಿ ಚಪ್ಪರದ ಕೆಳಗೆ ಕೂತೆ. ದೇವಪ್ಪ ಮಹಿಬೂಬಸಾಬರ ನಿಂಬೆಹಣ್ಣನ್ನೇ ಹಿಂಡಿ ಶರಬತ್ತು ತಂದ.

"ಕಲ್ಲು ಸರಿಸಿದ್ರೂ ಸಿಟ್ಟು, ತಿರುಗಿ ಇಟ್ರೂ ಸಿಟ್ಟು. ನಾ ಏನ್ ಮಾಡ್ಲಿ ಅಣ್ಣಾ?"

ತಲೆಯೆತ್ತಿದರೆ ಮೇಲೆ ಬಳ್ಳಿ. ಎಲ್ಲಿ ಬಂದು ಕೂತಿದ್ದೇನೆಂದು ಆಗ ತಿಳಿಯಿತು. ನಗು ತಡೆಯಲಾಗದೆ ಶರಬತ್ತು ಅರ್ಧ ಅಂಗಿಯ ಮೇಲೆ ಚೆಲ್ಲಿತು. ಅವನೂ ನಕ್ಕ. ಎರಡು ವರ್ಷದ ಮೇಲೆ ತಮ್ಮನ ನಗು ಕೇಳಿ ನನ್ನ ಕಣ್ಣು ತುಂಬಿತು.

ಸಂಜೆ ಪುಟಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಮೀನಿನ ಹೊಟ್ಟೆ ಸೇರಿದ ಆ ಪ್ರವಾದಿ ಎಚ್ಚರಿಸಿದ ನಿನೆವೆ ಊರಿನ ಕಥೆ ಮಾತ್ರ ಹೇಳಿದೆ. ರಾಜನಿಂದ ಹಿಡಿದು ದನಗಳವರೆಗೆ ಎಲ್ಲರೂ ಗೋಣಿತಟ್ಟು ಹೊದ್ದು ಉಪವಾಸ ಬಿದ್ದರು ಎಂದಾಗ ಮಂದಿ ನಕ್ಕರು. ಊರು ಉಳಿಯಿತು ಎಂದು ಮುಗಿಸಿ ರೊಟ್ಟಿ, ಎಣ್ಣೆಗಾಯಿಗೆ ಕೂತೆವು.

ಮರುದಿನ ಬಸ್ಸಿಗೆ ಮುಂಚೆ ಮೂವರೂ ಹೊಲಕ್ಕೆ ಹೋದೆವು. ದೇವಪ್ಪ ಕಲ್ಲಿಗೆ ಸುಣ್ಣ ಬಳಿದಿದ್ದ. ಬೇವಿನ ಮರದಿಂದ ಹೆಜ್ಜೆ ಹಾಕಿ ನೋಡಿದೆ. ಅಪ್ಪ ಹೂತಿದ್ದ ಜಾಗಕ್ಕಿಂತ ಎರಡು ಹೆಜ್ಜೆ ಆಚೆಗೆ, ತನ್ನದೇ ಹೊಲದೊಳಗೆ ಇಟ್ಟಿದ್ದ.

"ಇರಲಿ ಬಿಡು. ಎರಡು ವರ್ಷ ನಿನ್ನ ನೆಲ ಉಂಡೇನಿ."

"ಹಾರಿ ತಗೊಂಡು ಬಾ" ಎಂದೆ.

ಪ್ರವಾದಿಗಳು ಅಷ್ಟೆಲ್ಲ ಹೇಳಿದ್ದು ಗೊತ್ತಿದ್ದೂ, ಅಣ್ಣತಮ್ಮಂದಿರಿಬ್ಬರೂ ಸೇರಿ ಆ ಗಡಿಕಲ್ಲನ್ನು ಕಿತ್ತು ನನ್ನ ಹೊಲದ ಕಡೆಗೆ ಎರಡು ಹೆಜ್ಜೆ ಸರಿಸಿದೆವು. ಅಕ್ಕ ಬದುವಿನ ಮೇಲೆ ನಿಂತು ಅದನ್ನೂ ಫೋನಿನಲ್ಲಿ ಹಿಡಿದುಕೊಂಡಳು.