ಕಲ್ಲಾಗಿ ನಿಂತ ಹುಸೇನ ಮಾಮಾ

ಬೆಟಗೇರಿಯ ನಮ್ಮ ಓಣಿಯಲ್ಲಿ ಆಗಿನ್ನೂ ಹತ್ತಿಯ ಗಾದಿಗೆ ಗಿರಾಕಿಗಳಿದ್ದರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮದುವೆಯ ದಿನಗಳು ಹತ್ತಿರ ಬಂದವೆಂದರೆ ಅಜ್ಜನ ಮನೆಯಲ್ಲಿ ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದು ನಿಲ್ಲುತ್ತಲೇ ಇರಲಿಲ್ಲ. ರೊಟ್ಟಿಯ ಮೇಲೆ, ಪಲ್ಯದ ಮೇಲೆ, ಎಲ್ಲಿ ನೋಡಿದರೂ ಹತ್ತಿಯ ಎಳೆ. ಅವ್ವನ ಜೊತೆ ನಾನು ಬೆಳೆದದ್ದು ಆ ಮನೆಯಲ್ಲೇ.

ಅಜ್ಜನಿಗೆ ಒಬ್ಬನೇ ಮಗ, ಹುಸೇನ ಮಾಮಾ. ಅವನಿಗೆ ನಾಟಕದ ಹುಚ್ಚು. ಗದಗಿಗೆ ಯಾವ ಕಂಪನಿ ಬಂದರೂ ಹೋಗಿ ಭರ್ಚಿ ಹಿಡಿದು ದ್ವಾರಪಾಲಕನಾಗಿ ನಿಲ್ಲುತ್ತಿದ್ದ. ಮಾತಿಲ್ಲ, ಕತೆಯಿಲ್ಲ. "ಆ ಪಾರ್ಟ್ ಮಾಡಾಕ ಮನಶಾ ಯಾಕ ಬೇಕು? ಒಂದು ಕಂಬ ನಿಲ್ಲಿಸಿದ್ರ ಆತು" ಎಂದು ಅಜ್ಜ ಬೈಯುತ್ತಿದ್ದ.

ಆ ವರ್ಷ ಡಂಬಳದ ಹಳೆಯ ಗುಡಿಯಲ್ಲಿ ಸಿನಿಮಾ ತೆಗೆಯುತ್ತಾರೆಂಬ ಖಬರ ಬಂತು. ಮಾಯಾಮಂತ್ರದ ಚಿತ್ರ. ಕತೆ ಶುರುವಾಗುವ ಮೊದಲೇ ಮಾಂತ್ರಿಕ ಒಬ್ಬ ಕಾವಲುಗಾರನನ್ನು ಕಲ್ಲು ಮಾಡಿರುತ್ತಾನೆ. ರಾಜಕುಮಾರಿ ಆ ಕಲ್ಲಿಗೆ ಒರಗಿ ಅಳುತ್ತಾ ಹಾಡುತ್ತಾಳೆ. ಕೊನೆಗೆ ಮಾಂತ್ರಿಕ ಸತ್ತಾಗ ಕಲ್ಲು ರೆಪ್ಪೆ ಬಡಿದು, ನಕ್ಕು, ಮತ್ತೆ ಮನುಷ್ಯನಾಗುತ್ತದೆ. ಅಷ್ಟು ಹೊತ್ತು ಅಲುಗದೆ ನಿಲ್ಲುವವ ಬೇಕಾಗಿತ್ತು. ಮಾಮಾನೇ ಆರಿಸಿ ಬಂದ.

ಅವತ್ತಿನಿಂದ ಹತ್ತಿ ಕೋಣೆಯಲ್ಲಿ ಅವನ ತಾಲೀಮು. ಅವನು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಅವನನ್ನು ಅಲುಗಿಸುವುದು ನನಗೂ ಓಣಿಯ ಹುಡುಗರಿಗೂ ಆಟ. ಮೂಗಿನೊಳಗೆ ಹತ್ತಿಯ ಎಳೆ ಹಾಕಿದೆವು, ಕಿವಿಯ ಹತ್ತಿರ ತಟ್ಟೆ ಬಾರಿಸಿದೆವು. ಕೆನ್ನೆಗೆ ಬೆಲ್ಲದ ನೀರು ಹಚ್ಚಿ ನೊಣ ಕೂಡಿಸಿದೆವು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದರೂ ರೆಪ್ಪೆ ಬಡಿಯುತ್ತಿರಲಿಲ್ಲ. ನನಗೆ ಆಟ ಸಾಕಾಗಿ ಹೆದರಿಕೆ ಬಂತು.

"ಬ್ಯಾಡ ಮಾಮಾ, ಕಣ್ಣು ಹೋಗ್ತಾವು."

"ಕಲ್ಲಿಗೆ ಕಣ್ಣು ಎಲ್ಲಿರ್ತಾವ, ಹುಚ್ಚಿ?" ಎಂದು ಆಮೇಲೆ ಕಣ್ಣು ಒರೆಸಿಕೊಳ್ಳುತ್ತಾ ನಕ್ಕ.

ತನ್ನ ಪಾರ್ಟ್ ಯಾವುದೆಂದು ಮಾಮಾ ಅಜ್ಜನಿಗೆ ಹೇಳಿರಲಿಲ್ಲ. ಇದನ್ನೆಲ್ಲ ನೋಡಿ ನೋಡಿ ಅಜ್ಜನಿಗೆ ತಲೆಕೆಟ್ಟಿತು. "ನಿನ್ನ ಸಿನಿಮಾ ನಾನೂ ನೋಡ್ತೀನಿ. ಅದರಾಗ ನಿನ್ನ ಮಾರಿ ಕಂಡ್ರ ಖರೆ, ಕಂಪನಿ ಹಿಂದ ಬೇಕಾದಲ್ಲಿ ಹೋಗು. ಕಾಣದಿದ್ರ ಬಿಲ್ಲು ಹಿಡಿ. ಮತ್ತ ಆ ಸುದ್ದಿ ತಗೀಬ್ಯಾಡ" ಎಂದ.

"ಆತು" ಎಂದ ಮಾಮಾ. ನನ್ನ ಹತ್ತಿರ ಮಾತ್ರ, "ಕಡೀಕ ನಗ್ತೀನಲಾ, ಅವಾಗ ಅಪ್ಪಗ ಗುರ್ತು ಸಿಗತೈತಿ" ಎಂದ.

ಡಂಬಳದಿಂದ ಬಂದಾಗ ಬೂದುಬಣ್ಣ ಮೆತ್ತಿಸಿಕೊಂಡು ಅವನ ಮುಖದ ಚರ್ಮ ಸುಲಿದಿತ್ತು. ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು.

ಸಿನಿಮಾ ನಮ್ಮೂರಿಗೆ ಬರುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಮ್ಯಾಟಿನಿಗೆ ಹೋದೆವು. ಅವ್ವ ಹೆಂಗಸರ ಕಡೆ ಕುಳಿತಳು, ನಾನು ಅಜ್ಜ ಮತ್ತು ಮಾಮಾನ ನಡುವೆ. ಬೀಡಿಯ ಹೊಗೆ, ಮಿರ್ಚಿ ಭಜಿಯ ವಾಸನೆ. ಗುಡಿಯ ಬಾಗಿಲಲ್ಲಿ ಕಲ್ಲು ಕಂಡಿತು. ರಾಜಕುಮಾರಿ ಅದರ ಎದೆಗೆ ತಲೆಯಿಟ್ಟು ಹಾಡತೊಡಗಿದಳು. ಹಿಂದೆ ಕುಳಿತಿದ್ದ ಕುರ್ತಕೋಟಿಯ ರೈತನೊಬ್ಬ, "ಎಂಥಾ ಕಲ್ಲು ಕೆತ್ಯಾರಪಾ, ಜೀವ ಇದ್ದಂಗ ಐತಿ!" ಎಂದ. ಮಾಮಾ ಖುಷಿಯಿಂದ ನನ್ನ ಕೈ ಎಷ್ಟು ಜೋರಾಗಿ ಹಿಚುಕಿದನೆಂದರೆ ನೋವಾಯಿತು.

"ನಿನ್ನ ಪಾರ್ಟ್ ಯಾವಾಗ ಬರತೈತಿ?" ಅಜ್ಜ ಆಕಳಿಸುತ್ತಾ ಕೇಳಿದ.

"ಬರತೈತಿ, ತಡಿ" ಎಂದ ಮಾಮಾ. ಬಾಯಿಬಿಟ್ಟು ಹೇಳಬಾರದು, ಅಪ್ಪ ತಾನಾಗಿ ಗುರುತು ಹಿಡಿಯಬೇಕೆಂಬ ಹಟ ಅವನದು.

ಕಡೆಗೆ ಮಾಂತ್ರಿಕನ ಎದೆಗೆ ಕತ್ತಿ ನಾಟಿತು. ನಮ್ಮ ಕಡೆ ಖಳನಾಯಕ ಸತ್ತನೆಂದರೆ ಸಿನಿಮಾ ಮುಗಿದಂತೆಯೇ. ಹಳ್ಳಿಯವರಿಗೆ ಬಸ್ಸಿನ ಅವಸರ, ಉಳಿದವರಿಗೆ ಬಾಗಿಲಿನ ನೂಕುನುಗ್ಗಲಿನ ಚಿಂತೆ. ಬೆಂಚುಗಳು ಕಿರ್ರೆಂದವು, ಮಂದಿಯೆಲ್ಲ ಎದ್ದು ನಿಂತಿತು. ಹೆಂಗಸರ ಕಡೆಯಿಂದ ಅವ್ವ ಆಗಲೇ ಹೊರಗೆ ಹೋಗಿದ್ದಳು. ನಾನು ಬೆಂಚಿನ ಮೇಲೆ ಹತ್ತಿ ನಿಂತೆ. ಪರದೆಯ ತುಂಬ ಮಾಮಾನ ಮುಖ. ರೆಪ್ಪೆ ಒಮ್ಮೆ ಬಡಿಯಿತು, ತುಟಿ ಮೆಲ್ಲಗೆ ಅರಳಿತು. ಅಷ್ಟು ಚೆಂದದ ನಗೆಯನ್ನು ನಾನು ಮತ್ತೆ ನೋಡಿಲ್ಲ.

"ಅಜ್ಜ, ನೋಡು!" ಎಂದು ಕೂಗಿದೆ.

ಅಜ್ಜ ಬೆಂಚಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದ. ಮಾಮಾ ಪರದೆಯ ಕಡೆಗೆ ನೋಡುತ್ತಲೇ ಇರಲಿಲ್ಲ. ಬಗ್ಗಿದ ಅಪ್ಪನ ಬೆನ್ನನ್ನೇ ನೋಡುತ್ತಿದ್ದ. ಅಜ್ಜ ತಲೆ ಎತ್ತುವಷ್ಟರಲ್ಲಿ ದೀಪ ಹತ್ತಿತ್ತು.

"ಎಲ್ಲಿದ್ದೀಲೇ ನೀ?"

"ಬಾಗಲದಾಗ ನಿಂತಿದ್ದೆ."

"ಅದು ಕಲ್ಲಲಾ!"

ಮಾಮಾ ನನ್ನನ್ನು ಬೆಂಚಿನಿಂದ ಕೆಳಗಿಳಿಸಿದ. ನಾಳೆ ಮತ್ತೆ ನೋಡೋಣವೆಂದು ನಾನು ದಾರಿಯುದ್ದಕ್ಕೂ ಅಜ್ಜನಿಗೆ ದುಂಬಾಲು ಬಿದ್ದೆ. ಮಾಮಾನೇ ತಡೆದ. "ಬಿಡ ಮಾಬೂಬಿ. ಅಪ್ಪ ಸುದ್ದಾ ನನ್ನ ಕಲ್ಲು ಅಂದ. ಇನ್ನೇನು ಬೇಕು?" ಹಾಗೆ ಹೇಳುವಾಗ ಅವನ ದನಿ ಎಷ್ಟು ದಣಿದಿತ್ತೆಂಬುದು ಆಗ ನನಗೆ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಬಿಲ್ಲು ಹಿಡಿದ. ಸಾಯುವವರೆಗೂ ಬಿಡಲಿಲ್ಲ.

ಈಗ ಗಾದಿಗಳು ಕಾರ್ಖಾನೆಯಿಂದ ಬರುತ್ತವೆ. ಆ ಥೇಟರು ಬಿದ್ದ ಜಾಗದಲ್ಲಿ ಅಂಗಡಿಗಳಿವೆ. ಆ ಸಿನಿಮಾ ಎಲ್ಲಾದರೂ ಸಿಗುತ್ತದೆಯೇ ಎಂದು ಮಗನ ಕೈಲಿ ಹುಡುಕಿಸಿ ಹುಡುಕಿಸಿ ನನಗೂ ಸಾಕಾಗಿದೆ. ಮಾಮಾನ ನಗೆಯನ್ನು ಪರದೆಯ ಮೇಲೆ ಕಂಡ ಕಣ್ಣು ನಮ್ಮ ಮನೆಯಲ್ಲಿ ನನ್ನವು ಮಾತ್ರ. ಅವಕ್ಕೂ ಈಗ ಪೊರೆ ಬಂದಿದೆ.