ರಂಗಕ್ಕನ ಅವರೆಯ ಮೇಲೆ ನಾನು ಹೊರಿಸಿದ ಹೇನು

ರಂಗಕ್ಕ, ನನ್ನ ಲೆಟ್ಯೂಸ್ ಸೊಪ್ಪಿಗೆ ಗಿಡಹೇನು ಬಂದದ್ದು ನಿನ್ನ ಅವರೆ ಹೊಲದಿಂದಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಹೊಲದ ಕಡೆ ಬೆರಳು ತೋರಿಸಿದೆ, ಹೂ ಬಿಟ್ಟು ನಿಂತಿದ್ದ ಅವರೆಯನ್ನು ನಿನ್ನ ಕೈಯಿಂದಲೇ ಕೀಳಿಸಿದೆ. ವರ್ಷಗಳು ಕಳೆದವು — ಬಾಯಿ ಬಿಡಲಿಲ್ಲ.

ಆ ಹೇನು ಬಂದದ್ದು ನರ್ಸರಿಯ ಸಸಿಗಳ ಜೊತೆ. ಟ್ರೇ ಇಳಿಸುವಾಗಲೇ ಎಲೆಯಡಿಯಲ್ಲಿ ಹಸಿರಾಗಿ ಕೂತಿದ್ದವು. ನೋಡಿದೆ. ಅಂಥ ಸಸಿಗಳನ್ನು ಆರಿಸಿ ಎಸೆಯಬೇಕಿತ್ತು. ಆದರೆ ಆಳುಗಳು ಕಾಯುತ್ತಿದ್ದರು, ಪಾತಿ ಸಿದ್ಧವಾಗಿತ್ತು — ನಾಲ್ಕು ಹೇನು ಏನು ಮಾಡಿಯಾವು ಎಂದು ನೆಡಿಸಿಬಿಟ್ಟೆ. ಆ ಸೋಮಾರಿತನ ನೆನೆದರೆ ಈಗಲೂ ಮೈ ಉರಿಯುತ್ತದೆ. ಹೇನಿಗೆ ಗಂಡು ಬೇಕಿಲ್ಲ, ಮೊಟ್ಟೆಯಿಟ್ಟು ಕಾಯಬೇಕಿಲ್ಲ. ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಒಂದೆರಡು ವಾರದೊಳಗೆ ಆ ಮರಿಯೂ ಮರಿ ಹಾಕುತ್ತದೆ. ಕೃಷಿ ತರಬೇತಿಯಲ್ಲಿ ಇದನ್ನೆಲ್ಲ ಕೇಳಿ, ತಲೆಯಾಡಿಸಿ ಬಂದವಳು ನಾನು.

ನಿನಗೆ ನನ್ನ ಬೆಳೆಯೇ ತಮಾಷೆ. "ಬೇಯಿಸ್ದೆ ತಿನ್ನಾಕೆ ಬೆಂಗ್ಳೂರೋರೇನ್ ಮೇಕೆಗಳಾ?" ಎಂದು ಬದುವಿನ ಮೇಲೆ ನಿಂತು ನಗುತ್ತಿದ್ದೆಯಲ್ಲ. ಹಸಿಯಾಗಿ ತಿನ್ನುವ ಸೊಪ್ಪಾದ್ದರಿಂದಲೇ ಅದರಲ್ಲಿ ಒಂದು ಹೇನೂ ಇರುವ ಹಾಗಿಲ್ಲ. ಬೆಂಗಳೂರಿನ ಹೋಟೆಲುಗಳಿಗೆ ಸೊಪ್ಪು ಒಯ್ಯುವವನು ಅಂದು ಒಂದು ಗಿಡದ ಎಲೆಗಳನ್ನು ಬಿಡಿಸಿ ನೋಡಿದ. ಸುಳಿಯ ಮಡಿಕೆಗಳೊಳಗೆ ಹೇನು ಕಿಕ್ಕಿರಿದಿದ್ದವು. "ಎಲ್ಲಿಂದ ಬಂತಿದು?" ಎಂದು ಗದರಿದ. ಇನ್ನು ನನ್ನ ಸೊಪ್ಪೇ ಬೇಡ ಎನ್ನುತ್ತಾನೆಂಬ ಭಯ. ಬದುವಿನಾಚೆ ನಿನ್ನ ಅವರೆ ಕಂಡಿತು. ಅದರ ಕುಡಿಯಲ್ಲೂ ಹೇನಿತ್ತಲ್ಲ — "ಅಲ್ಲಿಂದ" ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಅವರೆ ಇರುವ ತನಕ ಈ ಕಡೆ ಬರುವುದಿಲ್ಲ ಎಂದು ಅವನು ಗಾಡಿ ಹತ್ತಿದ.

ಅವರೆಯ ಹೇನು ಕಪ್ಪು, ರಂಗಕ್ಕ. ನನ್ನ ಸೊಪ್ಪಿನದು ಹಸಿರು. ಆ ಕಪ್ಪು ಹೇನು ಅವರೆ, ಅಲಸಂದೆಗಳ ಮೇಲೆ ಬಾಳುತ್ತದೆಯೇ ಹೊರತು ಲೆಟ್ಯೂಸಿನ ಮೇಲಲ್ಲ. ಇಷ್ಟು ತಿಳಿದಿದ್ದೂ ನಿನ್ನ ಜಗಲಿಗೆ ಬಂದು ಕೂತು ಅತ್ತೆ. ಅಳು ನಿಜವೇ — ಮಾತು ಸುಳ್ಳು.

"ನಿನ್ ಬೆಳೆ ಹಾಳಾಗಾದ್ ನೋಡ್ಕಂಡು ನಾನ್ ಅವರೆಕಾಯಿ ತಿನ್ನಾಕಾಯ್ತದಾ? ಕಿತ್ತಾಕ್ತೀನಿ ಬುಡು" ಅಂದೆ ನೀನು. ಹೊಲದ ಕಡೆ ತಿರುಗಿ, "ಬೀಜಕ್ಕೂ ಮಡಗಿಲ್ಲ ಕಣಮ್ಮಿ, ಇದ್ದುದ್ದೆಲ್ಲಾ ಬಿತ್ಬುಟ್ಟಿದ್ದೆ" ಅಂದೆ.

ನಿನ್ನ ಅತ್ತೆಯ ಕಾಲದಿಂದ ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಾಡಿಕೊಂಡು ಬಂದ ಬೀಜ ಅದು. ಬಿಡಿಸಿದರೆ ಕೈಗೆ ಅಂಟುವ ಸೊಗಡು, ಸಾರಿಟ್ಟರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅದರ ಬದಲಿಗೆ ಮಧುಗಿರಿಯ ಅಂಗಡಿಯಿಂದ ಒಂದು ಪೊಟ್ಟಣ ಬೀಜ ತಂದುಕೊಟ್ಟೆ. ಅದು ಎಲ್ಲ ಕಾಲಕ್ಕೂ ಕಾಯಿ ಬಿಡುತ್ತದೆ, ಮೂಸಿದರೆ ಹುಲ್ಲಿನ ವಾಸನೆ. ನೀನು ಅದನ್ನೇ ಬಿತ್ತಿದೆ. ಒಮ್ಮೆಯಾದರೂ ಜಗಳಕ್ಕೆ ಬಂದಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ — ಬರಲಿಲ್ಲವೆಂದು ನನ್ನ ಸಿಟ್ಟು ನಿನ್ನ ಮೇಲೂ ತಿರುಗಿದ್ದುಂಟು. ಎಂಥ ನಾಚಿಕೆಗೇಡು.

ಅವರೆ ಹೋದ ಮೇಲೆ ನನ್ನ ಹೇನು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹೇನು ತಿನ್ನುವ ಗುಲಗಂಜಿ ಹುಳಗಳು ನಿನ್ನ ಅವರೆಯ ಕಪ್ಪು ಹೇನು ತಿಂದು ಬೆಳೆದು, ಬದು ದಾಟಿ ನನ್ನ ಸೊಪ್ಪಿಗೂ ಬರುತ್ತಿದ್ದವು. ಅವುಗಳ ನೆಲೆಯನ್ನೇ ಕೀಳಿಸಿದೆ. ಉಳಿದ ಗುಲಗಂಜಿ ಹುಳಗಳನ್ನೂ ಔಷಧಿ ಹೊಡೆದು ನಾನೇ ಕೊಂದೆ. ಔಷಧಿ ಹೊರಗಿನ ಎಲೆಗೆ ಬಿತ್ತು, ಸುಳಿಯೊಳಗಿನ ಹೇನು ಹಾಯಾಗಿ ಕೂತಿತ್ತು. ಕೊನೆಗೆ ನಾನು ಲೆಟ್ಯೂಸನ್ನೇ ಬಿಟ್ಟೆ. ಕೊಡಿಗೇನಹಳ್ಳಿ ಸಂತೆಯಲ್ಲಿ ಜನ ಈಗಲೂ ನಿನ್ನ ಹೊಲದಿಂದಲೇ ನನ್ನ ಬೆಳೆ ಕೆಟ್ಟಿತೆನ್ನುತ್ತಾರೆ, ನಾನು ಕೇಳಿಸದವಳಂತೆ ಸೊಪ್ಪು ಆರಿಸುತ್ತೇನೆ.

ಇವತ್ತು ಸಂಜೆ ಎಲ್ಲರೂ ಡೈರಿಗೆ ಹಾಲು ತರುವ ಹೊತ್ತಿಗೆ, ಅವರೆದುರೇ ಇದನ್ನು ಹೇಳುತ್ತೇನೆ. ನಿನ್ನ ಬೀಜ ಮಾತ್ರ ತಂದುಕೊಡಲಾರೆ. ಊರೂರು ಕೇಳಿದೆ, ಎಲ್ಲೂ ಸಿಗಲಿಲ್ಲ.

ಇನ್ನೊಂದು ಉಳಿದಿದೆ. ಅವರೆ ಕಿತ್ತ ವರ್ಷದ ಸಂಕ್ರಾಂತಿಗೆ ಎಳ್ಳು ಬೀರಲು ಬಂದ ನೀನು ನನ್ನ ಕೈ ಹಿಡಿದುಕೊಂಡು, "ನಮ್ ಹೊಲದಿಂದ ನಿನ್ಗೆ ಇಂಗಾಯ್ತು, ಮನಸ್ನಾಗೆ ಮಡಿಕ್ಕಬ್ಯಾಡ ಕಣಮ್ಮಿ" ಅಂದೆ. ನಿನ್ನ ಕಣ್ಣಲ್ಲಿ ನೀರಿತ್ತು. ನಾನು ಎಳ್ಳು ಬಾಯಿಗೆ ಹಾಕಿಕೊಂಡು, "ಓಗ್ಲಿ ಬುಡಕ್ಕ, ನೀನೇನ್ ಬೇಕಂತ ಮಾಡಿದ್ಯಾ" ಎಂದು ಹೇಳಿ ಕಳಿಸಿದೆ.

ನಾನು — ನಿನ್ನನ್ನು ಕ್ಷಮಿಸಿ ಕಳಿಸಿದೆ, ರಂಗಕ್ಕ.